ಒಂಬತ್ತು ವರ್ಷದಿಂದ ಕೂಡಿಟ್ಟ ಉಕ್ಕು, ಮರ: ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ?

ಇಕ್ಕಳ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಚಾಕು ಮಾಡಲು ಶುರುಮಾಡಿ ಒಂಬತ್ತು ವರ್ಷವಾಯಿತು. ವರ್ಷಕ್ಕೆ ಇಪ್ಪತ್ತೈದು, ಹೆಚ್ಚೆಂದರೆ ಮೂವತ್ತು ಚಾಕು ನನ್ನ ಕೈಯಿಂದ ಆಗುತ್ತವೆ. ಹೋದ ಭಾನುವಾರ ಶೆಡ್ಡಿನಲ್ಲಿದ್ದದ್ದನ್ನೆಲ್ಲ ಅಂಗಳಕ್ಕೆ ತಂದು ಹರಡಿ ಎಣಿಸಿದೆ. ಉಕ್ಕಿನ ಪಟ್ಟಿಗಳೇ 140 ಚಾಕುಗಳಿಗೆ ಸಾಲುವಷ್ಟಿವೆ. ಹಿಡಿಗೆಂದು ಎತ್ತಿಟ್ಟ ಮರದ ತುಂಡುಗಳು 212. ಇದರ ಮೇಲೆ ಹಿತ್ತಾಳೆ ಸರಳು, ಮೈಕಾರ್ಟಾ (ರಾಳ ಹಾಕಿ ಒತ್ತಿದ ಬಟ್ಟೆಯ) ಹಾಳೆ, ಲಾರಿಯ ಸ್ಪ್ರಿಂಗ್ ಪಟ್ಟಿ, ಹಳೇ ಅರಗಳು, ಅರ್ಧ ಬಳಸಿದ ಎಪಾಕ್ಸಿ ಅಂಟಿನ ಡಬ್ಬಗಳು.

ಇಷ್ಟು ದಿನ ಇದು ತಪ್ಪೆಂದು ಅನ್ನಿಸಿರಲಿಲ್ಲ. ಒಳ್ಳೆಯ ಪಟ್ಟಿ ಕಣ್ಣಿಗೆ ಬಿದ್ದಾಗ ತೆಗೆದಿಡದಿದ್ದರೆ, ಬೇಕಾದ ದಿನ ಅದೇ ದಪ್ಪದ್ದು ಸಿಗುವುದಿಲ್ಲ. ಆದರೆ ಕಳೆದ ತಿಂಗಳು 1084 (ಸಾದಾ ಇಂಗಾಲದ ಉಕ್ಕು) ಮತ್ತು 15ಎನ್20 (ನಿಕ್ಕಲ್ ಬೆರೆತ ಉಕ್ಕು) ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು, ಕಾಯಿಸಿ ಬಡಿದು ಬೆಸೆಯುವ ಹದಿಮೂರು ಪದರದ ಗಟ್ಟಿಗೆ ಕೈಹಾಕಿದೆ. ಬೊರಾಕ್ಸ್ ಹಾಕಿ, ಕಾವು ಸರಿಯಾಗಿ ಏರಿಸಿ, ನಿಧಾನವಾಗಿ ತಟ್ಟಿ ಕೂಡಿಸಿದೆ. ಮೂರನೇ ಸಲ ಕುಲುಮೆಯಿಂದ ತೆಗೆದು ಬಡಿದಾಗ ಪದರಗಳು ಬಿಚ್ಚಿಕೊಂಡವು. ಕಾವಿನ ದೋಷವೆಂದುಕೊಂಡು ಮತ್ತೊಂದು ಗಟ್ಟಿ ಕಟ್ಟಿದೆ. ಅದೂ ಹಾಗೇ ಆಯಿತು. ವಾರ ಕಳೆದ ಮೇಲೆ ನೋಡಿದರೆ, ಒದ್ದೆ ನೆಲದ ಮೇಲೆ ಉಳಿದಿದ್ದ ತುಂಡುಗಳಲ್ಲಿ 1084 ಕೆಂಪಗೆ ತುಕ್ಕು ಹಿಡಿದಿದೆ, ನಾನು 15ಎನ್20 ಎಂದುಕೊಂಡಿದ್ದ ಪಟ್ಟಿ ಮಾತ್ರ ಹೊಳೆಯುತ್ತಿದೆ! ಅದು ಎಇಬಿ-ಎಲ್ ಎಂಬ ತುಕ್ಕುನಿರೋಧಕ ಉಕ್ಕಾಗಿತ್ತು. ಎರಡೂ ತೆಳು, ಎರಡೂ ಬೆಳ್ಳಗೆ. ಒಂದೇ ಪೈಪಿನಲ್ಲಿ ನಿಲ್ಲಿಸಿದ್ದೆ, ಸೀಮೆಸುಣ್ಣದ ಗುರುತು ಯಾವತ್ತೋ ಅಳಿಸಿಹೋಗಿತ್ತು. 13% ಕ್ರೋಮಿಯಂ ಇರುವ ಉಕ್ಕಿನ ಮೇಲೆ ಕಟ್ಟುವ ಪೊರೆಯನ್ನು ಬೊರಾಕ್ಸ್ ಕರಗಿಸುವುದಿಲ್ಲ, ಬೆಸುಗೆ ಕೂಡುವ ಮಾತೇ ಇರಲಿಲ್ಲ.

ಎರಡು ದಿನದ ಕೆಲಸ ಹೋದದ್ದಕ್ಕಿಂತ, ನನ್ನ ಶೆಡ್ಡಿನಲ್ಲಿ ಏನಿದೆ ಎಂದು ನನಗೇ ಗೊತ್ತಿಲ್ಲವಲ್ಲ ಎಂಬುದು ಮನಸ್ಸಿಗೆ ನಾಟಿತು. ಹೀಗೆ ಹೆಸರು ಅಳಿಸಿದ ಪಟ್ಟಿಗಳು ಇನ್ನೂ ಮೂವತ್ತೊಂದು ಇವೆ. ಅವನ್ನು ಗುರುತಿಸುವ ದಾರಿ ಇದೆಯೇ, ಅಥವಾ ಗುಜರಿಗೆ ಹಾಕುವುದೇ? ಮರವನ್ನು ಎಷ್ಟು ವರ್ಷ ಇಡಬಹುದು? ಹೊಸದು ಕಂಡಾಗ ಕೈ ತಡೆಯುವುದು ನಿಮಗೆಲ್ಲ ಹೇಗೆ ಸಾಧ್ಯವಾಯಿತು?

ಸಾಣೆಪಟ್ಟಿ:

ಉಕ್ಕಿಗೆ ಮುಂಚೆ ಸಾಣೆಯಂತ್ರದ ಬೆಲ್ಟುಗಳನ್ನು ನೋಡಿ ಸರ್. ನೀವು ಪಟ್ಟಿ ಮಾಡಿದ್ದರಲ್ಲಿ ಅವು ಕಾಣಲಿಲ್ಲ, ಆದರೆ ಇಷ್ಟು ಕೂಡಿಟ್ಟವರು ಅದನ್ನು ಬಿಟ್ಟಿರಲಾರರು. ಬೆಲ್ಟಿನ ಹರಳು ಹಾಳಾಗುವುದಿಲ್ಲ, ಕೂಡಿಸಿದ ಜಾಗದ ಅಂಟು ಹಳತಾಗುತ್ತದೆ. ಐದು ವರ್ಷ ಮೂಲೆಯಲ್ಲಿ ಮಡಚಿಟ್ಟಿದ್ದ ಒಂದು ಬೆಲ್ಟು ಪೂರ್ತಿ ವೇಗದಲ್ಲಿದ್ದಾಗ ಕಿತ್ತು ನನ್ನ ಮುಂಗೈಗೆ ಬಡಿಯಿತು, ಮೂರು ಹೊಲಿಗೆ ಬಿದ್ದವು. ಈಗ ದಪ್ಪ ಪೈಪಿಗೆ ತೂಗುಹಾಕುತ್ತೇನೆ, ಒಳಬದಿಗೆ ತಂದ ತಿಂಗಳು ಬರೆಯುತ್ತೇನೆ, ಹಳತನ್ನೇ ಮೊದಲು ಬಳಸುತ್ತೇನೆ. ಆರು ತಿಂಗಳಿಗೆ ಬೇಕಾದ್ದಕ್ಕಿಂತ ಹೆಚ್ಚು ತರುವುದಿಲ್ಲ.

ಅಡಿಗಲ್ಲು:

ನಿಮ್ಮ ಪ್ರಶ್ನೆ ಓದಿ ರಾತ್ರಿ ಬಹಳ ಹೊತ್ತು ಯೋಚಿಸಿದೆ. ಸ್ವಲ್ಪ ಉದ್ದವಾಗುತ್ತದೆ, ಬೇಸರಿಸಬೇಡಿ.

ನನ್ನ ಜೊತೆ ಕೆಲಸ ಕಲಿತ ಗೆಳೆಯನೊಬ್ಬ ತೀರಿಕೊಂಡಾಗ ಅವನ ಹೆಂಡತಿ ನನ್ನನ್ನು ಕರೆದು, "ಅಣ್ಣಾ, ಇದರಲ್ಲಿ ಯಾವುದು ಏನು ಅಂತ ನೋಡಿ ಹೇಳಿ, ಯಾರಿಗಾದರೂ ಕೆಲಸಕ್ಕೆ ಬಂದರೆ ಕೊಟ್ಟುಬಿಡೋಣ" ಅಂದರು. ನಾಲ್ಕು ದಿನ ಆ ಶೆಡ್ಡಿನಲ್ಲಿ ಕೂತೆ. ಮರದ ತುಂಡುಗಳನ್ನು ವಾಸನೆ, ತೂಕ, ಎಳೆ ನೋಡಿ ಬಹುಪಾಲು ಗುರುತು ಹಿಡಿದೆ. ಉಕ್ಕಿನಲ್ಲಿ ಸೋತೆ. ಪಟ್ಟಿಗಳ ತುದಿಗೆ ನೀಲಿ, ಕೆಂಪು, ಎರಡು ಹಳದಿ ಗೆರೆ ಎಂದು ಬಣ್ಣವಿತ್ತು, ಆದರೆ ಯಾವ ಬಣ್ಣ ಯಾವುದಕ್ಕೆ ಎಂದು ಅವನು ಎಲ್ಲೂ ಬರೆದಿರಲಿಲ್ಲ. ಅದು ಅವನ ತಲೆಯಲ್ಲಿತ್ತು. ಆಮೆಚಿಪ್ಪಿನಂತೆ ಕಾಣುವ ಸೆಲ್ಯುಲಾಯ್ಡ್ (ಹಳೇ ಕಾಲದ ಪ್ಲಾಸ್ಟಿಕ್) ಹಾಳೆಗಳನ್ನು ಒಂದು ಡ್ರಾಯರಿನಲ್ಲಿ, ಮುಗಿಸಿದ ನಾಲ್ಕು ಅಲಗುಗಳ ಪಕ್ಕದಲ್ಲೇ ಇಟ್ಟಿದ್ದ. ಸೆಲ್ಯುಲಾಯ್ಡ್ ಹಳತಾದಂತೆ ತನ್ನಷ್ಟಕ್ಕೆ ಕೊಳೆಯುತ್ತದೆ, ಸಾರಜನಕದ ಆಕ್ಸೈಡ್‌ಗಳನ್ನು ಬಿಡುತ್ತದೆ, ತೇವ ಸೇರಿದರೆ ಅದು ಆಮ್ಲವಾಗುತ್ತದೆ. ನಾಲ್ಕೂ ಅಲಗುಗಳ ಮೈ ಗುಳಿಬಿದ್ದು ಹೋಗಿತ್ತು. ಅವನು ಎಷ್ಟು ಅಚ್ಚುಕಟ್ಟಾಗಿ ಉಜ್ಜುತ್ತಿದ್ದ ಎಂದು ಬಲ್ಲ ನನಗೆ ಅವನ್ನು ಕೈಯಲ್ಲಿ ಹಿಡಿಯಲಾಗಲಿಲ್ಲ. ನಿಮ್ಮಲ್ಲಿ ಸೆಲ್ಯುಲಾಯ್ಡ್ ಇದ್ದರೆ ಇವತ್ತೇ ಬೇರೆಡೆ ಇಡಿ, ಗಾಳಿಯಾಡುವ ಕಡೆ, ಕುಲುಮೆಯಿಂದ ದೂರ. ಬೆಂಕಿ ಸೋಕಿದರೆ ನಂದಿಸಲು ಸಮಯ ಕೊಡುವುದಿಲ್ಲ. ಅಲಗಿನ ಮೇಲೆ ವಿನ್ಯಾಸ ಎಬ್ಬಿಸುವ ಫೆರಿಕ್ ಕ್ಲೋರೈಡ್ ಕೂಡ ಹೀಗೇ, ಎಷ್ಟು ಬಿಗಿಯಾಗಿ ಮುಚ್ಚಿದರೂ ಅದರ ಆವಿ ಶೆಡ್ಡಿನ ಕಬ್ಬಿಣವನ್ನೆಲ್ಲ ತಿನ್ನುತ್ತದೆ. ನಾನು ಅದನ್ನು ಹೊರಗಿನ ಕಟ್ಟೆಯ ಕೆಳಗಿಟ್ಟಿದ್ದೇನೆ.

ಈಗ ನಿಮ್ಮ ಮೂವತ್ತೊಂದು ಪಟ್ಟಿಗಳು. ಮೊದಲು ಪ್ರತಿಯೊಂದರ ತುದಿಯನ್ನು ಬೆಳ್ಳಗೆ ಉಜ್ಜಿ, ಉಪ್ಪುನೀರಿನ ಬಟ್ಟೆ ಸುತ್ತಿ ಒಂದು ರಾತ್ರಿ ಬಿಡಿ. 15ಎನ್20ರಲ್ಲಿ 2% ನಿಕ್ಕಲ್ ಇದ್ದರೂ ಬೆಳಿಗ್ಗೆಗೆ ತುಕ್ಕು ಬಂದಿರುತ್ತದೆ. ಎಇಬಿ-ಎಲ್ ಹೆಚ್ಚೆಂದರೆ ಅಲ್ಲೊಂದು ಇಲ್ಲೊಂದು ಚುಕ್ಕೆ ತೋರಿಸೀತು. ಅಯಸ್ಕಾಂತವನ್ನು ನಂಬಬೇಡಿ, ಎರಡಕ್ಕೂ ಅಂಟುತ್ತದೆ. ಆಮೇಲೆ ಸಾಣೆಗೆ ಹಿಡಿದು ಕಿಡಿ ನೋಡಿ, ಪಕ್ಕದಲ್ಲಿ ನಿಮಗೆ ಖಚಿತವಾಗಿ ಗೊತ್ತಿರುವ ಒಂದು 1084 ತುಂಡನ್ನೂ ಹಿಡಿದು ಹೋಲಿಸಿ. ಇಂಗಾಲ ಹೆಚ್ಚಿದ್ದರೆ ಕಿಡಿ ಕವಲೊಡೆದು ಚಿಮ್ಮುತ್ತದೆ, ಮೃದು ಕಬ್ಬಿಣದ್ದು ಉದ್ದ ಗೆರೆಯಾಗಿ ಹೋಗಿ ಸುಮ್ಮನೆ ಆರುತ್ತದೆ, ಕ್ರೋಮಿಯಂ ಹೆಚ್ಚಿದ್ದರೆ ಗಿಡ್ಡ, ಕೆಂಪು ಛಾಯೆ.

ಮೂರನೆಯದು ನನಗೆ ಎಲ್ಲಕ್ಕಿಂತ ನಂಬಿಕೆಯದು. ಎರಡು ಬೆರಳಗಲದ ಚೂರು ಕತ್ತರಿಸಿ 815 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಎಣ್ಣೆಗೆ ಇಳಿಸಿ. ಅರ ಜಾರಿದರೆ ಗಟ್ಟಿಯಾಗಿದೆ ಎಂದರ್ಥ. ಬಟ್ಟೆ ಸುತ್ತಿ ವೈಸಿನಲ್ಲಿ ಹಿಡಿದು ಮುರಿದು ಒಳಗಿನ ಕಣ ನೋಡಿ, ರೇಷ್ಮೆಯ ಬೂದು ಬಣ್ಣ ಇರಬೇಕು. ಮರಳಿನ ಹಾಗೆ ಮಿನುಗಿದರೆ ಕಾವು ಮೀರಿದೆ. ಕನ್ನಡಕ, ದಪ್ಪ ಕೈಗವಸು ಬಿಡಬೇಡಿ.

ಇಷ್ಟೆಲ್ಲ ಮಾಡಿದರೂ ನಿಮಗೆ ತಿಳಿಯುವುದು ಉಕ್ಕಿನ ಜಾತಿ ಮಾತ್ರ. ಅದು 1084 ಅಥವಾ 1095 ಎಂದು ಕಿಡಿ ಹೇಳುವುದಿಲ್ಲ. ಆ ವ್ಯತ್ಯಾಸ ಸಣ್ಣದಲ್ಲ: 1084 ಸಾಧಾರಣ ಎಣ್ಣೆಯಲ್ಲೂ ಗಟ್ಟಿಯಾಗುತ್ತದೆ, 1095 ಬಹಳ ಬೇಗ ತಣಿಯಬೇಕು, ಎಣ್ಣೆ ನಿಧಾನವಾದರೆ ಅಲಗಿನ ಒಳಗೆ ಮೆತ್ತಗೆ ಉಳಿಯುತ್ತದೆ. ಹಾಗಾಗಿ ಹೆಸರು ಗೊತ್ತಿಲ್ಲದ ಉಕ್ಕಿನಲ್ಲಿ ನಾನು ಇಕ್ಕಳ ಮಾಡುತ್ತೇನೆ, ಕೊಕ್ಕೆ ಮಾಡುತ್ತೇನೆ, ಕಲಿಯಲು ಬಂದವರ ಕೈಗೆ ಕೊಡುತ್ತೇನೆ. ಇನ್ನೊಬ್ಬರ ಕೈಗೆ ಹೋಗುವ ಚಾಕುವಿಗೆ ಬಳಸುವುದಿಲ್ಲ. ಲಾರಿಯ ಸ್ಪ್ರಿಂಗಿಗೂ ಇದೇ ಮಾತು. ವರ್ಷಗಟ್ಟಲೆ ಬಾಗಿ ಬಾಗಿ ಒಳಗೆ ಕೂದಲೆಳೆಯ ಬಿರುಕು ಬಿಟ್ಟಿರಬಹುದು, ಕಣ್ಣಿಗೆ ಕಾಣುವುದು ಹದ ಹಾಕಿದ (ಕಾಯಿಸಿ ತಣಿಸಿ ಗಟ್ಟಿ ಮಾಡಿದ) ಮೇಲೆ. ಅರಗಳಲ್ಲೂ ಕೆಲವಕ್ಕೆ ಮೇಲ್ಮೈ ಮಾತ್ರ ಗಟ್ಟಿ, ಒಳಗೆ ಮೃದು.

ಇನ್ನು ಮುಂದೆ ಬಣ್ಣ, ಸೀಮೆಸುಣ್ಣ ಬಿಟ್ಟುಬಿಡಿ. ಅಕ್ಷರದ ಅಚ್ಚು ತೆಗೆದುಕೊಂಡು ಉಕ್ಕಿನ ಹೆಸರು, ತಂದ ವರ್ಷ ಎರಡನ್ನೂ ತುದಿಗೆ ಕುಟ್ಟಿ. ಕತ್ತರಿಸುವಾಗ ಯಾವಾಗಲೂ ಗುರುತಿಲ್ಲದ ತುದಿಯಿಂದಲೇ ಕತ್ತರಿಸಿ. ನನ್ನ ಗೆಳೆಯನ ಅರ್ಧ ಪಟ್ಟಿಗಳು ಹೆಸರು ಕಳೆದುಕೊಂಡದ್ದು ಈ ಒಂದು ತಪ್ಪಿನಿಂದ, ಗುರುತಿದ್ದ ಕಡೆಯೇ ಗರಗಸ ಇಟ್ಟಿದ್ದ. ಆ ಹೆಸರು, ವರ್ಷವನ್ನೇ ಒಂದು ನೋಟ್‌ಬುಕ್ಕಿನಲ್ಲೂ ಬರೆದು, ಮನೆಯವರಿಗೆ ಆ ನೋಟ್‌ಬುಕ್ ಎಲ್ಲಿದೆ ಎಂದು ತೋರಿಸಿಡಿ.

ಮರದ ವಿಷಯ ಬೇರೆಯೇ. ಉಕ್ಕು ಇಟ್ಟರೆ ಉತ್ತಮವಾಗುವುದಿಲ್ಲ, ಮರ ಆಗುತ್ತದೆ. ಗಾಳಿಯಲ್ಲಿ ಒಣಗಲು ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ವರ್ಷ ಎಂಬುದು ಹಳೇ ಲೆಕ್ಕ. ಗಟ್ಟಿ ಮರಕ್ಕೆ ಅದೂ ಸಾಲದು. ಎರಡೂ ತುದಿಗೆ ಮೇಣ ಬಳಿದಿರಬೇಕು, ಇಲ್ಲದಿದ್ದರೆ ತುದಿ ಬೇಗ ಒಣಗಿ ಸೀಳುತ್ತದೆ. ನಾನು ಪ್ರತಿ ತುಂಡನ್ನೂ ತಕ್ಕಡಿಗೆ ಹಾಕಿ ತೂಕ, ತಾರೀಖು ಎರಡನ್ನೂ ಅದರ ಮೇಲೇ ಪೆನ್ಸಿಲಿನಲ್ಲಿ ಬರೆಯುತ್ತೇನೆ. ಮೂರು ತಿಂಗಳಿಗೊಮ್ಮೆ ಮತ್ತೆ ತೂಗುತ್ತೇನೆ. ತೂಕ ಇಳಿಯುವುದು ನಿಂತ ಮೇಲೆಯೇ ಹಿಡಿಗೆ. ಹಸಿ ಮರ ಹಾಕಿದ ಒಂದು ಚಾಕುವಿನಲ್ಲಿ ವರ್ಷದೊಳಗೆ ಹಿಡಿ ಕುಗ್ಗಿ, ಉಕ್ಕಿನ ಅಂಚು ಬೆರಳಿಗೆ ಚುಚ್ಚುವಂತೆ ಹೊರಗೆ ಬಂದಿತ್ತು. ಕೊಂಡವರು ಮರಳಿ ತಂದುಕೊಟ್ಟಾಗ ಏನು ಹೇಳಬೇಕೋ ತೋಚಲಿಲ್ಲ.

ಚೇಗು ಇರುವ ತುಂಡು ಇಟ್ಟುಕೊಳ್ಳಿ. ಹೊರಗಿನ ಬಿಳಿ ಮರ ಇರುವುದನ್ನು ಪ್ರತ್ಯೇಕಿಸಿ, ಕುಟ್ಟೆ ಹುಳು ಹಿಡಿಯುವುದು ಅದಕ್ಕೆ. ಕೆಳಗೆ ಹಿಟ್ಟಿನಂಥ ಪುಡಿ ಉದುರಿದ್ದರೆ ಆ ತುಂಡು ಉಳಿದ 211ರ ಜೊತೆ ಒಂದು ದಿನವೂ ಇರಕೂಡದು. ಬೀಟೆ ಇದ್ದರೆ ಕೊಂಡ ರಸೀದಿ ಜೋಪಾನ. ಬೀಟೆಯ ಕುಲವಾದ ಡಾಲ್ಬರ್ಜಿಯಾ ಪೂರ್ತಿಯಾಗಿ 2017ರ ಜನವರಿಯಿಂದ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿದೆ, ದೇಶದ ಗಡಿ ದಾಟಿಸಬೇಕಾದರೆ ಕಾಗದಪತ್ರ ಕೇಳುತ್ತಾರೆ.

ಎಪಾಕ್ಸಿ ಗಟ್ಟಿಯಾಗಿ ಹರಳುಗಟ್ಟಿದ್ದರೆ ಬಿಸಿನೀರಿನಲ್ಲಿಟ್ಟರೆ ತಿಳಿಯಾಗುತ್ತದೆ. ಆದರೂ ಎರಡು ಚೂರು ಮರಕ್ಕೆ ಅಂಟಿಸಿ, ಮುರಿದು ನೋಡದೆ ಚಾಕುವಿಗೆ ಹಾಕಬೇಡಿ. ಮೈಕಾರ್ಟಾ, ಹಿತ್ತಾಳೆ ಎಷ್ಟು ವರ್ಷ ಬೇಕಾದರೂ ಇರಲಿ.

ತಿದಿ:

ಅಡಿಗಲ್ಲು ಅವರು ಹೇಳಿದ್ದರಲ್ಲಿ ಒಂದಕ್ಕೆ ನನ್ನ ಒಪ್ಪಿಗೆಯಿಲ್ಲ. ಉಕ್ಕು ಇಟ್ಟರೆ ಉತ್ತಮವಾಗುವುದಿಲ್ಲ ನಿಜ, ಆದರೆ ಇಟ್ಟುಕೊಂಡವನ ಕೆಲಸ ಉತ್ತಮವಾಗುತ್ತದೆ. ಒಂದೇ ಹೆಸರಿನ ಉಕ್ಕು ಕೂಡ ಒಂದು ಎರಕದಿಂದ ಇನ್ನೊಂದಕ್ಕೆ ಸ್ವಲ್ಪ ಬದಲಾಗುತ್ತದೆ. ನಾನು 52100 ಉಕ್ಕಿನ ಒಂದೇ ಎರಕದ 60 ಕೆ.ಜಿ. ತಂದಿಟ್ಟಿದ್ದೇನೆ, ಕಾರ್ಖಾನೆಯ ಪರೀಕ್ಷಾ ಪತ್ರ ಜೊತೆಗಿದೆ. 845 ಡಿಗ್ರಿಯಲ್ಲಿ ಹತ್ತು ನಿಮಿಷ ಎಂದು ಹದ ಕಂಡುಕೊಳ್ಳಲು ಹದಿನೇಳು ಚೂರು ಮುರಿದೆ. ಆಮೇಲೆ ನಾಲ್ಕು ವರ್ಷದಿಂದ ಅದೇ ಹದ, ಒಂದು ಅಲಗೂ ಕೈಕೊಟ್ಟಿಲ್ಲ. 2024ರ ಡಿಸೆಂಬರಿನಲ್ಲಿ ಅಮೆರಿಕದ ಉಕ್ಕು ತಯಾರಕರಾದ ಕ್ರೂಸಿಬಲ್ ಇಂಡಸ್ಟ್ರೀಸ್ ದಿವಾಳಿ ಅರ್ಜಿ ಹಾಕಿದಾಗ ಅವರ ಸಿಪಿಎಂ ಉಕ್ಕನ್ನೇ ನೆಚ್ಚಿಕೊಂಡಿದ್ದ ಎಷ್ಟೋ ಜನಕ್ಕೆ ಮುಂದೇನು ಎಂಬ ಚಿಂತೆ ಹತ್ತಿತು. ಕೂಡಿಟ್ಟವರು ಆಗ ನಿಶ್ಚಿಂತೆಯಾಗಿ ಕೆಲಸ ಮುಂದುವರಿಸಿದರು.

ಇಕ್ಕಳ ಅವರೇ, ನಿಮ್ಮ 140 ಚಾಕುವಿನ ಉಕ್ಕು ಎಷ್ಟು ಬಗೆಯದು? ಹನ್ನೊಂದು ಬಗೆ ಇದ್ದರೆ ಸಂಕಟ ಅಲ್ಲಿದೆ. ಎರಡು ಬಗೆಯಾಗಿದ್ದರೆ ನೀವು ಒಳ್ಳೆಯ ಕೆಲಸವನ್ನೇ ಮಾಡಿದ್ದೀರಿ.

ಇಕ್ಕಳ:

ತಿದಿ ಅವರೇ, ಹದಿನಾಲ್ಕು ಬಗೆ. ಇವತ್ತು ಬರೆದಿಟ್ಟಾಗಲೇ ನನಗೂ ತಿಳಿದದ್ದು. ಅದರಲ್ಲಿ ಒಂಬತ್ತಕ್ಕೆ ಹದ ಹಾಕಿ ನೋಡಿಯೇ ಇಲ್ಲ.

ಅಡಿಗಲ್ಲು ಅಣ್ಣ, ನಿಮ್ಮ ಗೆಳೆಯರ ವಿಷಯ ಓದಿ ಮನಸ್ಸು ಭಾರವಾಯಿತು. ಸೆಲ್ಯುಲಾಯ್ಡ್ ನನ್ನ ಹತ್ತಿರವೂ ಎರಡು ಹಾಳೆ ಇತ್ತು, ಪಿನ್ನುಗಳ ಡಬ್ಬದಲ್ಲಿ. ಅದನ್ನು ನಿನ್ನೆಯೇ ಹೊರಗಿಟ್ಟೆ. ಉಪ್ಪುನೀರಿನ ಪರೀಕ್ಷೆ ಮುಗಿಯಿತು: ಮೂವತ್ತೊಂದರಲ್ಲಿ ಹನ್ನೆರಡಕ್ಕೆ ತುಕ್ಕು ಬರಲಿಲ್ಲ. ಹತ್ತೊಂಬತ್ತಕ್ಕೆ ಬಂತು, ಅದರಲ್ಲಿ ನಾಲ್ಕರ ಕಿಡಿ ನೋಡಿದರೆ ಬರೀ ಮೃದು ಕಬ್ಬಿಣ. ಇಷ್ಟು ವರ್ಷ ಅವನ್ನು ಎಣ್ಣೆ ಸವರಿ ಕಾಪಾಡಿದ್ದೆ. ಉಳಿದ ಹದಿನೈದನ್ನು ಶನಿವಾರ ಮುರಿದು ನೋಡುತ್ತೇನೆ.

ಮರದ್ದು ತೂಗಲು ಶುರುಮಾಡಿದ್ದೇನೆ, ಐವತ್ತಾರು ಆಯಿತು. ಒಂದು ಅನುಮಾನ: ಎಪ್ಪತ್ತು ಗ್ರಾಮಿಗಿಂತ ಸಣ್ಣ ತುಂಡುಗಳಿಗೆ ಮೂರು ತಿಂಗಳು ಕಾಯಬೇಕೇ, ಅಥವಾ ತಿಂಗಳಿಗೊಮ್ಮೆ ತೂಗಿದರೆ ನಡೆಯುತ್ತದೆಯೇ?

ಅಡಿಗಲ್ಲು:

ತಿಂಗಳಿಗೊಮ್ಮೆ ತೂಗಿ. ಮಳೆಗಾಲದ ತೂಕವನ್ನು ಬೇಸಿಗೆಯದರ ಜೊತೆ ಹೋಲಿಸಬೇಡಿ, ಒಣಗಿದ ಮರವೂ ತೇವ ಹೀರಿ ಏರುತ್ತದೆ. ಶನಿವಾರ ಮುರಿದ ಚೂರುಗಳ ಫೋಟೋ ಹಾಕಿ, ಕಣ ಹತ್ತಿರದಿಂದ ಕಾಣುವ ಹಾಗೆ.