ಕೆಮ್ಮು, ದಮ್ಮು, ಕಫ: ಔಷಧ ಸಂಶೋಧಕಿಯನ್ನು ಕೇಳಿ

ಅಡ್ಮಿನ್: ಇವತ್ತು ಗುಂಪಿನಲ್ಲಿ ಒಬ್ಬ ಫಾರ್ಮಕಾಲಜಿ ಸಂಶೋಧಕಿ ಇದ್ದಾರೆ. ಪ್ರಶ್ನೆ ಮಾತ್ರ ಹಾಕಿ. ಫಾರ್ವರ್ಡ್ ಬೇಡ.

ಸಂಶೋಧಕಿ: ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಚೀಟಿ ಬರೆದುಕೊಡುವ ಡಾಕ್ಟರ್ ಅಲ್ಲ. ಜೀವಕೋಶದ ಪೊರೆಯಲ್ಲಿ ಉಪ್ಪಿನ ಕಣಗಳು ಓಡಾಡಲು ಪುಟ್ಟ ಬಾಗಿಲುಗಳಿವೆ. ಅವೇ ಅಯಾನ್ ಚಾನೆಲ್. ಉಸಿರಾಟದ ಕಾಯಿಲೆಗಳಲ್ಲಿ ಅವು ಹೇಗೆ ಕೆಡುತ್ತವೆ, ಔಷಧ ಅವನ್ನು ಹೇಗೆ ಸರಿಮಾಡುತ್ತದೆ ಅಂತ ನೋಡುವುದು ನನ್ನ ಕೆಲಸ.

ಮೈಸೂರು: ಬಿಪಿ ಮಾತ್ರೆ ಶುರು ಮಾಡಿದ ಮೇಲೆ ಒಣಕೆಮ್ಮು. ಸಿರಪ್ ಕುಡಿದು ಸಾಕಾಯ್ತು. ಎರಡಕ್ಕೂ ಸಂಬಂಧ ಇದೆಯಾ?

ಸಂಶೋಧಕಿ: ಮಾತ್ರೆಯ ಹೆಸರು ‘ಪ್ರಿಲ್’ ಅಂತ ಮುಗಿಯುತ್ತಾ? ಎನಾಲಪ್ರಿಲ್, ರಾಮಿಪ್ರಿಲ್, ಹೀಗೆ? ಹಾಗಿದ್ದರೆ ಇರಬಹುದು. ಆ ಮಾತ್ರೆಯಿಂದ ಬ್ರಾಡಿಕೈನಿನ್ ಎಂಬ ವಸ್ತು ಜಾಸ್ತಿಯಾಗಿ ಕೆಮ್ಮಿನ ನರ ಕೆರಳುತ್ತದೆ. ಒಗ್ಗರಣೆಯ ಮೆಣಸಿನಕಾಯಿ ಘಾಟಿಗೆ ತೆರೆಯುವ ಟಿಆರ್‌ಪಿವಿ1 ಚಾನೆಲ್ ಕೂಡ ಇಂಥ ನರಗಳಲ್ಲೇ ಇರುವುದು. ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಡಾಕ್ಟರಿಗೆ ಹೇಳಿದರೆ ಬದಲಿಸಿಕೊಡುತ್ತಾರೆ.

ದಾವಣಗೆರೆ: ನಮ್ಮ ಅಮ್ಮನಿಗೂ ಬಿಪಿ ಮಾತ್ರೆ, ಕೆಮ್ಮು. ಏನು ಮಾಡಲಿ?

ಸಂಶೋಧಕಿ: ಮೇಲೆ ಬರೆದಿದ್ದೇನೆ.

ಕಲಬುರಗಿ: ಮೇಡಂ, ಮಗನಿಗೆ 8 ತಿಂಗಳು. ಮುತ್ತು ಕೊಟ್ಟರೆ ಉಪ್ಪುಪ್ಪು. ಕೆಮ್ಮು ಬಿಡುವುದೇ ಇಲ್ಲ. ಹಾಲು ಚೆನ್ನಾಗಿ ಕುಡಿಯುತ್ತಿದ್ದ, ಆದರೂ ತೂಕ ಏರಲಿಲ್ಲ. ಮಲ ಜಿಡ್ಡುಜಿಡ್ಡು, ಕೆಟ್ಟ ವಾಸನೆ. ಈ ಬಿಸಿಲಿಗೆ ಎರಡು ದಿನದಿಂದ ಸುಸ್ತಾಗಿ ಮಲಗಿಯೇ ಇದ್ದಾನೆ. ಮೈಯಲ್ಲಿ ಉಪ್ಪು ಜಾಸ್ತಿಯಾಗಿದೆ, ಉಪ್ಪು ಬಿಡಿಸಿ ಅಂತಾರೆ ಮನೆಯಲ್ಲಿ.

ಸಂಶೋಧಕಿ: ಉಪ್ಪು ಬಿಡಿಸಬೇಡಿ. ಜಾಸ್ತಿಯಾಗಿಲ್ಲ, ಬೆವರಲ್ಲಿ ಸೋರಿಹೋಗುತ್ತಿರಬಹುದು. ನೀವು ಹೇಳಿದ್ದನ್ನೆಲ್ಲ ಒಟ್ಟಿಗೆ ನೋಡಿದರೆ ಸಿಸ್ಟಿಕ್ ಫೈಬ್ರೋಸಿಸ್ ಇದೆಯಾ ಅಂತ ಪರೀಕ್ಷೆ ಮಾಡಿಸಲೇಬೇಕು. ಇದು ಹುಟ್ಟಿನಿಂದ ಬರುವ ಕಾಯಿಲೆ. ಇದಕ್ಕೆ ಕಾರಣವಾದ ಸಿಎಫ್‌ಟಿಆರ್ ಜೀನ್ ಸಿಕ್ಕಿದ್ದು 1989ರಲ್ಲಿ. ಆ ಜೀನ್ ಕ್ಲೋರೈಡ್, ಅಂದರೆ ಉಪ್ಪಿನ ಒಂದು ಅಂಶ, ಓಡಾಡುವ ಚಾನೆಲ್ ತಯಾರಿಸುತ್ತದೆ. ಶ್ವಾಸನಾಳದಲ್ಲಿ ಈ ಚಾನೆಲ್ ಕ್ಲೋರೈಡನ್ನು ಹೊರಗೆ ಬಿಡುತ್ತದೆ, ಅದರ ಹಿಂದೆಯೇ ನೀರು ಬಂದು ಕಫ ತೆಳ್ಳಗಿರುತ್ತದೆ. ಬೆವರಿನ ಗ್ರಂಥಿಯಲ್ಲಿ ಇದೇ ಚಾನೆಲ್ ಉಲ್ಟಾ ಕೆಲಸ ಮಾಡುತ್ತದೆ, ಕ್ಲೋರೈಡನ್ನು ಒಳಕ್ಕೆ ವಾಪಸ್ ಎಳೆದುಕೊಳ್ಳುತ್ತದೆ. ಅದಕ್ಕೇ ಅದು ಕೆಟ್ಟರೆ ಎದೆಯಲ್ಲಿ ಕಫ ಅಂಟಂಟು, ಚರ್ಮದ ಮೇಲೆ ಉಪ್ಪು. ಮೇದೋಜೀರಕದ ನಾಳವೂ ಕಟ್ಟಿಕೊಂಡು ಕೊಬ್ಬು ಜೀರ್ಣವಾಗಲ್ಲ.

ಇದು ಬಿಳಿಯರ ಕಾಯಿಲೆ ಅಂತ ನಮ್ಮಲ್ಲಿ ಎಷ್ಟೋ ಮಕ್ಕಳಿಗೆ ಪರೀಕ್ಷೆಯನ್ನೇ ಮಾಡಿಸುವುದಿಲ್ಲ. ನ್ಯುಮೋನಿಯಾ, ಟಿಬಿ ಅಂತ ಅಲೆದಾಡಿಸುತ್ತಾರೆ. ನನಗೆ ಸಿಟ್ಟು ಬರುವುದು ಇದಕ್ಕೇ. ಬೆವರು ಪರೀಕ್ಷೆಗೆ ಸೂಜಿ ಚುಚ್ಚಬೇಕಾಗಿಲ್ಲ. ಕ್ಲೋರೈಡ್ ಲೀಟರಿಗೆ 60 ಮಿಲಿಮೋಲ್ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಈ ಕಾಯಿಲೆಯ ಬಲವಾದ ಸೂಚನೆ. ಆಮೇಲೆ ಜೀನ್ ಪರೀಕ್ಷೆ. ಅದೆಲ್ಲ ನಂತರದ್ದು. ಇಂಥ ಮಕ್ಕಳಿಗೆ ಬೇಸಿಗೆಯಲ್ಲಿ ಸೋಡಿಯಂ, ಪೊಟ್ಯಾಶಿಯಂ ಇಳಿದು ಜೀವಕ್ಕೇ ಅಪಾಯ ಆಗಬಹುದು. ಹಾಲು ನಿಲ್ಲಿಸಬೇಡಿ. ಮಗು ಕೊನೆಯ ಸಲ ಉಚ್ಚೆ ಹೊಯ್ದಿದ್ದು ಯಾವಾಗ?

ಶಿರಸಿ: ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕಾಯಿಸಿ ಮಗುವಿನ ಎದೆಗೆ, ಮೂಗಿಗೆ ಹಚ್ಚಿ. 5 ನಿಮಿಷದಲ್ಲಿ ಕಫ ಮಾಯ. ತಪ್ಪದೆ ಎಲ್ಲರಿಗೂ ಕಳಿಸಿ 🙏

ಸಂಶೋಧಕಿ: ಯಾರೂ ಮಾಡಬೇಡಿ. ಕರ್ಪೂರ ಎಳೆ ಮಕ್ಕಳಿಗೆ ವಿಷ, ಫಿಟ್ಸ್ ಬರಬಹುದು. ಮುಲಾಮಿನ ಮೆಂಥಾಲ್ ಕೂಡ ಮೂಗು ಬಿಡಿಸಲ್ಲ. ತಂಪು ಗುರುತಿಸುವ ಟಿಆರ್‌ಪಿಎಂ8 ಚಾನೆಲ್ ತೆರೆದು ಮೂಗು ಬಿಟ್ಟಂತೆ ಅನಿಸುತ್ತದೆ. ಕಟ್ಟಿದ ಮೂಗು ಕಟ್ಟಿಯೇ ಇರುತ್ತದೆ. ಅಡ್ಮಿನ್, ಇದನ್ನು ಅಳಿಸಿ.

ರಾಯಚೂರು: ಮೃಗಶಿರಕ್ಕೆ ಹೈದರಾಬಾದಿಗೆ ಹೋಗಿ ಮೀನು ಮದ್ದು ಹಾಕಿಸಿ. ನಮ್ಮ ಮಾವನ ದಮ್ಮು ಹೋಯ್ತು. ವರ್ಷ ವರ್ಷ ತಪ್ಪಿಸಲ್ಲ ಅವರು.

ಉಡುಪಿ: ದಮ್ಮು ಹೋದ ಮೇಲೂ ವರ್ಷ ವರ್ಷ ಯಾಕೆ ಹೋಗ್ತಾರೆ?

ರಾಯಚೂರು: ನಂಬಿಕೆ ಇಲ್ಲದವರಿಗೆ ಹೇಳಿ ಏನು ಪ್ರಯೋಜನ.

ಉಡುಪಿ: 8 ತಿಂಗಳ ಮಗುವಿನ ಬಾಯಿಗೆ ಜೀವಂತ ಮೀನು ಹಾಕ್ತೀರಾ?

ರಾಯಚೂರು: ಮೀನು ತಿನ್ನದವರಿಗೆ ಬೆಲ್ಲದಲ್ಲಿ ಕೊಡ್ತಾರೆ. ತಿಳಿಯದೆ ಮಾತಾಡಬೇಡಿ.

ತುಮಕೂರು: ಇನ್ಹೇಲರ್ ಅಭ್ಯಾಸ ಆಗಿಬಿಡುತ್ತಾ?

ಸಂಶೋಧಕಿ: ಇಲ್ಲ.

ಲಂಡನ್: ಸಿಸ್ಟಿಕ್ ಫೈಬ್ರೋಸಿಸ್‌ಗೆ ಈಗ ಮಾತ್ರೆ ಇದೆಯಲ್ಲ? ಇಂಗ್ಲೆಂಡಿನಲ್ಲಿ 2020ರಿಂದ ಸರ್ಕಾರವೇ ಕೊಡುತ್ತಿದೆ.

ಸಂಶೋಧಕಿ: ಇದೆ. ಎಲೆಕ್ಸಾಕಾಫ್ಟರ್, ಟೆಜಾಕಾಫ್ಟರ್, ಐವಾಕಾಫ್ಟರ್ ಮೂರೂ ಸೇರಿದ್ದು. ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿತು. ಮೊದಲ ಎರಡು ಕೆಟ್ಟ ಚಾನೆಲನ್ನು ಸರಿಯಾಗಿ ಮಡಿಚಿ ಜೀವಕೋಶದ ಪೊರೆಗೆ ತಲುಪಿಸುತ್ತವೆ, ಮೂರನೆಯದು ಅದನ್ನು ತೆರೆದಿಡುತ್ತದೆ. ಆದರೆ ಎಲ್ಲ ಬಗೆಯ ಜೀನ್ ದೋಷಕ್ಕೂ ಕೆಲಸ ಮಾಡಲ್ಲ. ಅದು ಮುಖ್ಯವಾಗಿ ಗುರಿಯಿಡುವುದು ಯುರೋಪಿನಲ್ಲಿ ಜಾಸ್ತಿ ಕಾಣುವ ಎಫ್508ಡೆಲ್ ದೋಷಕ್ಕೆ, ಆ ದೋಷ ನಮ್ಮಲ್ಲಿ ಅಷ್ಟಿಲ್ಲ. ಬಂದಾಗ ಅಮೆರಿಕದಲ್ಲಿ ಆ ಮಾತ್ರೆಯ ಬೆಲೆ ವರ್ಷಕ್ಕೆ 3 ಲಕ್ಷ ಡಾಲರ್ ದಾಟಿತ್ತು.

ಹುಬ್ಬಳ್ಳಿ: ಹಗಲುದರೋಡೆ.

ಲಂಡನ್: ಸಂಶೋಧನೆಗೆ ದುಡ್ಡು ಬೇಡವಾ?

ಹುಬ್ಬಳ್ಳಿ: ಅಲ್ಲಿ ಕೂತು ಹೇಳೋದು ಸುಲಭ ರೀ.

ಧಾರವಾಡ: ಮೇಡಂ, ಕೆಮ್ಮಿನ ನರದ ಪಿ2ಎಕ್ಸ್3 ಚಾನೆಲ್ ತಡೆಯುವ ಗೆಫಾಪಿಕ್ಸಾಂಟ್ ಮಾತ್ರೆ ಹಳೇ ಕೆಮ್ಮಿಗೆ ಅಂತ ಜಪಾನಿನಲ್ಲಿ ಬಂದಿದೆ. ಅದರಿಂದ ನಾಲಗೆಯ ರುಚಿ ಯಾಕೆ ಕೆಡುತ್ತೆ?

ಶಿವಮೊಗ್ಗ: ಬಿಪಿ ಮಾತ್ರೆಯಿಂದ ಕೆಮ್ಮು ಬರುತ್ತಾ ಮೇಡಂ?

ಸಂಶೋಧಕಿ: ಓದಿ ಆಮೇಲೆ ಕೇಳಿ. ಕಲಬುರಗಿಯವರೇ, ಇದ್ದೀರಾ? ಉಚ್ಚೆ?

ಕಲಬುರಗಿ: ಬೆಳಿಗ್ಗೆಯಿಂದ ಇಲ್ಲ ಮೇಡಂ. ಈಗ ಹಾಲೂ ಎಳೆಯುತ್ತಿಲ್ಲ.

ಸಂಶೋಧಕಿ: ಫೋನ್ ಕೆಳಗಿಟ್ಟು ಹೊರಡಿ. ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೇ ಹೋಗಿ. ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ. ‘ಬೆವರು ಉಪ್ಪು, ತೂಕ ಏರುತ್ತಿಲ್ಲ, ರಕ್ತದಲ್ಲಿ ಸೋಡಿಯಂ, ಪೊಟ್ಯಾಶಿಯಂ ನೋಡಿ’ ಅಂತ ನೀವೇ ಹೇಳಿ.

ರಾಯಚೂರು: ಮೀನು ಮದ್ದು ಪುಕ್ಕಟೆ ಸಿಗುತ್ತೆ. 3 ಲಕ್ಷ ಡಾಲರ್ ಅಲ್ಲ.

ಸಂಶೋಧಕಿ: ಸ್ವಲ್ಪ ಸುಮ್ನಿರ್ತೀರಾ?

ಕಲಬುರಗಿ: 108 ಬಂತು ಮೇಡಂ.

ಧಾರವಾಡ: ನನ್ನ ಪ್ರಶ್ನೆ ಹಾಗೇ ಉಳಿಯಿತು.