128 ಎಂಬಿಯಲ್ಲಿ ಓಡುವ ಕರ್ನಲ್ 2 ಜಿಬಿಯಲ್ಲಿ ಯಾಕೆ ಬೀಳುತ್ತದೆ?

ಪ್ರಶ್ನೆ (ಕಾಪುವಿನಿಂದ): ಸರ್, ಪ್ರಾಜೆಕ್ಟಿಗೆ ಅಂತ 32 ಬಿಟ್ ಕರ್ನಲ್ (ಆಪರೇಟಿಂಗ್ ಸಿಸ್ಟಮಿನ ತಿರುಳು) ಬರೆಯುತ್ತಿದ್ದೇನೆ. ಗ್ರಬ್‌ನಿಂದ (ಕರ್ನಲನ್ನು ಲೋಡ್ ಮಾಡುವ ಬೂಟ್‌ಲೋಡರ್) ಬೂಟ್ ಆಗುತ್ತದೆ, ಕ್ಯೂಎಮುವಿನಲ್ಲಿ (ಕಂಪ್ಯೂಟರಿನೊಳಗೇ ಓಡುವ ನಕಲಿ ಕಂಪ್ಯೂಟರ್) ಎಂತ ತೊಂದರೆಯೂ ಇಲ್ಲ. ಅಣ್ಣನ ಹಳೇ 2 ಜಿಬಿ ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಹಾಕಿದರೆ ಮಾತ್ರ ಗ್ರಬ್ ಕೊಡುವ ಮೆಮೊರಿ ಮ್ಯಾಪ್ (ಯಾವ ಜಾಗ ಖಾಲಿ ಅನ್ನುವ ಪಟ್ಟಿ) ಸರಿಯಾಗಿ ಪ್ರಿಂಟ್ ಆಗಿ, "ಖಾಲಿ ಪೇಜ್: 0" ಅಂತ ಬಂದು, ಕೂಡಲೇ ರೀಬೂಟ್. ಮೊದಲು ಬಿಟ್‌ಮ್ಯಾಪ್ (ಮೆಮೊರಿಯ ಪ್ರತಿ ತುಂಡಿಗೆ, ಅಂದರೆ ಪೇಜಿಗೆ, ಒಂದು ಬಿಟ್; 1 ಅಂದರೆ ಬಳಕೆಯಲ್ಲಿದೆ) ತುಂಬ 1 ಹಾಕಿ, ಆಮೇಲೆ ಇನ್ನೊಮ್ಮೆ ಮ್ಯಾಪ್ ಓದಿ ಖಾಲಿ ಪೇಜಿಗೆ 0 ಹಾಕುತ್ತೇನೆ. ರ‍್ಯಾಮ್ ಹಾಳಾಗಿರಬಹುದಾ?

ಉತ್ತರ: ಸುಮ್ನೆ ರ‍್ಯಾಮಿಗೆ ಬೈಯಬೇಡಿ ಮಾರಾಯ್ರೆ. ಬಸ್ಸಲ್ಲಿದ್ದೇನೆ, ಈಗಷ್ಟೇ ಸುರತ್ಕಲ್ ದಾಟಿತು. ಕ್ಯೂಎಮುಗೆ ನಾವು ಏನೂ ಹೇಳದಿದ್ದರೆ ಅದು ಕೊಡುವುದು ಬರೀ 128 ಎಂಬಿ. ಅದಕ್ಕೂ 2 ಜಿಬಿ ಕೊಟ್ಟು, ರೀಬೂಟ್ ಆಗದೆ ನಿಲ್ಲುವ ಹಾಗೆ ಮಾಡಿ, ಇಂಟರಪ್ಟ್ ಲಾಗ್ (ಸಿಪಿಯುವಿನ ಇಂಟರಪ್ಟ್, ಫಾಲ್ಟ್‌ಗಳ ದಾಖಲೆ) ಹಾಕಿ ಓಡಿಸಿ. ಎರಡನೇ ಸಲ ಓದುವಾಗಲೂ ಮ್ಯಾಪ್ ಪ್ರಿಂಟ್ ಮಾಡಿ. ಬಿಟ್‌ಮ್ಯಾಪ್ ಎಲ್ಲಿಟ್ಟಿದ್ದೀರಿ?

ಪ್ರಶ್ನೆ: ಕರ್ನಲ್ ಮುಗಿದ ಕೂಡಲೇ ಬರುವ ಜಾಗದಲ್ಲಿ. ಸರ್, ಈಗ ಕ್ಯೂಎಮುವಿನಲ್ಲೂ ಬೀಳುತ್ತಿದೆ! ಲಾಗ್‌ನಲ್ಲಿ ಸಿಆರ್3 (ಪೇಜ್ ಡೈರೆಕ್ಟರಿಯ ಅಡ್ರೆಸ್ ಇಡುವ ಸಿಪಿಯು ರಿಜಿಸ್ಟರ್) ಹೆಕ್ಸಿನಲ್ಲಿ ಐದು ಎಫ್, ಮೂರು ಸೊನ್ನೆ. ಮ್ಯಾಪಿನ ಎಂಟ್ರಿ ಸೈಜ್ ಮೊದಲ ಸಲ 20, ಎರಡನೇ ಸಲ 4294967295.

ಉತ್ತರ: ಸಿಕ್ಕಿತಲ್ಲ! ಆ ದೊಡ್ಡ ಸಂಖ್ಯೆ ಅಂದರೆ 32 ಬಿಟ್ಟೂ 1. ಬಿಟ್‌ಮ್ಯಾಪಿಗೆ 1 ತುಂಬಿದ ನಿಮ್ಮ ಮೆಮ್‌ಸೆಟ್ಟೇ ಗ್ರಬ್ ಕೊಟ್ಟ ಮ್ಯಾಪಿನ ಮೇಲೆ ಹರಿದಿದೆ.

ಲೆಕ್ಕ ನೋಡಿ. ಒಂದು ಪೇಜ್ 4 ಕೆಬಿ, ಪೇಜಿಗೊಂದು ಬಿಟ್. 128 ಎಂಬಿಗೆ 32768 ಪೇಜ್, ಬಿಟ್‌ಮ್ಯಾಪ್ 4 ಕೆಬಿ. 2 ಜಿಬಿಗೆ ಅದೇ 64 ಕೆಬಿ. ಅಂಗಳದಲ್ಲಿ ಹಪ್ಪಳ ಒಣಗಲು ಹಾಕಿದ್ದಾರೆ, ನೀವು ಅಡಿಕೆ ಹರವಲು ಹೋದಿರಿ ಅಂತಿಟ್ಟುಕೊಳ್ಳಿ. ಒಂದು ಬುಟ್ಟಿ ಅಡಿಕೆಯಾದರೆ ಹಪ್ಪಳಕ್ಕೆ ಏನೂ ಆಗಲಿಲ್ಲ, ಹದಿನಾರು ಬುಟ್ಟಿ ಸುರಿದಾಗ ಹಪ್ಪಳ ಅಡಿಗೆ ಹೋಯಿತು.

ಮುಂದಿನದ್ದು ತಾನಾಗಿ ಆದದ್ದು. ಖಾಲಿ ಜಾಗದ ಟೈಪ್ 1 ಇರಬೇಕು, ಅಲ್ಲಿ ಈಗ ಬರೀ ಎಫ್ (ಎಲ್ಲ ಬಿಟ್ಟೂ 1), ಹಾಗಾಗಿ ಲೂಪ್ ಎಲ್ಲವನ್ನೂ ಬಿಟ್ಟು ಮುಂದೆ ಹೋಯಿತು, ಖಾಲಿ ಪೇಜ್ 0. ಪೇಜ್ ಸಿಗದಿದ್ದರೆ ನಿಮ್ಮ ಅಲೊಕೇಟರ್ (ಖಾಲಿ ಪೇಜ್ ಹುಡುಕಿ ಕೊಡುವ ಫಂಕ್ಷನ್) -1 ಕೊಡುತ್ತದೆ, ಅಲ್ವಾ? ಅದಕ್ಕೆ 4096 ಗುಣಿಸಿದರೆ ಐದು ಎಫ್, ಮೂರು ಸೊನ್ನೆ! ಅದನ್ನೇ ಪೇಜ್ ಡೈರೆಕ್ಟರಿ (ಯಾವ ಅಡ್ರೆಸ್ ಯಾವ ಪೇಜಿಗೆ ಅಂತ ಹುಡುಕಲು ಸಿಪಿಯು ನೋಡುವ ಟೇಬಲ್) ಅಂತ ಸಿಆರ್3ಗೆ ಕೊಟ್ಟಿದ್ದೀರಿ. ಆ ಅಡ್ರೆಸ್ಸಲ್ಲಿ ಇರುವುದು ಬಯೋಸಿನ ROM (ಓದಲಿಕ್ಕೆ ಮಾತ್ರ ಇರುವ ಮೆಮೊರಿ), ಅಲ್ಲಿ ಬರೆದದ್ದು ನಿಲ್ಲುವುದಿಲ್ಲ. ಪೇಜಿಂಗ್ ಆನ್ ಮಾಡಿದ ಕೂಡಲೇ ಪೇಜ್ ಫಾಲ್ಟ್. ಐಡಿಟಿ (ಫಾಲ್ಟ್ ಬಂದರೆ ಯಾವ ಕೋಡ್ ಓಡಬೇಕು ಅನ್ನುವ ಟೇಬಲ್) ಇನ್ನೂ ಹಾಕಿಲ್ಲದ ಕಾರಣ ಡಬಲ್ ಫಾಲ್ಟ್, ಟ್ರಿಪಲ್ ಫಾಲ್ಟ್, ರೀಬೂಟ್.

ಕರ್ನಲ್ ಶುರುವಾದ ಕೂಡಲೇ ಮ್ಯಾಪನ್ನು ನಿಮ್ಮದೇ ಅರೇಗೆ ಕಾಪಿ ಮಾಡಿ, ಬೇರೆಲ್ಲ ಆಮೇಲೆ. ಗ್ರಬ್ ಮಾಡ್ಯೂಲ್ (ಕರ್ನಲ್ ಜೊತೆ ತರುವ ಬೇರೆ ಫೈಲ್) ಲೋಡ್ ಮಾಡಿದ್ದರೆ ಬಿಟ್‌ಮ್ಯಾಪ್ ಅದರ ಮೇಲೂ ಬೀಳಬಾರದು. ಮ್ಯಾಪಿನಲ್ಲಿ ನಿಮ್ಮ ಕರ್ನಲ್ ಕೂತ ಜಾಗವೂ "ಖಾಲಿ" ಅಂತಲೇ ಇರುತ್ತದೆ. ಕರ್ನಲ್, ಬಿಟ್‌ಮ್ಯಾಪ್, ಮಾಡ್ಯೂಲ್, 0ನೇ ಪೇಜ್, ಇಷ್ಟಕ್ಕೆ ಮತ್ತೆ 1 ಹಾಕಿ. ಮತ್ತೆ ಆ -1 ಬಂದದ್ದನ್ನು ಚೆಕ್ ಮಾಡಿ, ದಮ್ಮಯ್ಯ.

ಪ್ರಶ್ನೆ: ಬಂತು ಸರ್! ಖಾಲಿ ಪೇಜ್ 5 ಲಕ್ಷದ 23 ಸಾವಿರ ಚಿಲ್ಲರೆ. ಲ್ಯಾಪ್‌ಟಾಪಲ್ಲಿ ಇನ್ನೂ ನೋಡಲಿಲ್ಲ. ಅದರ ಬ್ಯಾಟರಿ ಸತ್ತು ಎರಡು ವರ್ಷ ಆಯಿತು, ಇಲ್ಲಿ ಮಳೆಗೆ ಕರೆಂಟ್ ಹೋಗಿದೆ.