ತಾಹಿನಿ ಗಾರೆಯಾಯಿತು, ಮಗ ಬಂಗುಡೆ ಬಿಟ್ಟ

ಶಾರ್ಜಾದ ತಾಯಿ: ಎಲ್ಲರಿಗೂ ನಮಸ್ಕಾರ. ಮಗನಿಗೆ 13 ವರ್ಷ. ಹೋದ ವಾರ ಲೆಬನಾನಿನ ಗೆಳೆಯನ ಮನೆಯಲ್ಲಿ ‘ಸಮ್ಕೆ ಹರ್ರಾ’ ಎಂಬ ಖಾರದ ಮೀನು ಉಂಡು ಬಂದ. ಅಂದಿನಿಂದ ನನ್ನ ಬಂಗುಡೆ ಸಾರನ್ನು ಮೂಸಿಯೂ ನೋಡುತ್ತಿಲ್ಲ. ಹಟಕ್ಕೆ ಬಿದ್ದು ನಾನೇ ಮಾಡಿದೆ. ನಿಂಬೆರಸ ಹಿಂಡಿದೊಡನೆ ತಾಹಿನಿ, ಅಂದರೆ ಅರೆದ ಎಳ್ಳು, ಗಾರೆಯಂತೆ ಗಟ್ಟಿಯಾಯಿತು, ಒಲೆಗಿಟ್ಟರೆ ಎಣ್ಣೆ ಬಿಟ್ಟಿತು. ತಪ್ಪಿದ್ದೆಲ್ಲಿ? ಇವನು ನಮ್ಮ ಊಟವನ್ನೇ ಮರೆತುಬಿಡುವನೇ ಎಂಬ ಭಯ ಬೇರೆ.

ದೇರಾ ಹಳಬ: ತಂಗಿ, ನಾನು 1994ರಲ್ಲಿ ದುಬೈಗೆ ಬಂದಾಗ ಒಂದು ಕೋಣೆಯಲ್ಲಿ ಆರು ಜನ. ಕುಬ್ಬೂಸ್ ರೊಟ್ಟಿ, ಮೊಸರು, ಉಪ್ಪಿನಕಾಯಿ. ಮೀನು ಶುಕ್ರವಾರ ಮಾತ್ರ. ನನ್ನ ಮಗಳೂ ಹೀಗೆಯೇ ಮೂಗು ಮುರಿಯುತ್ತಿದ್ದಳು. ಈಗ ಟೊರಾಂಟೊದಿಂದ ಫೋನ್ ಮಾಡಿ, ಪುಳಿಮುಂಚಿ ಮೀನುಸಾರಿಗೆ ಅಮ್ಮ ಹುಣಸೆ ಎಷ್ಟು ಹಾಕುತ್ತಿದ್ದಳು ಎಂದು ಕೇಳುತ್ತಾಳೆ. ನನಗೆ ಗೊತ್ತಿಲ್ಲ. ಕೇಳೋಣವೆಂದರೆ ಅವಳೇ ಇಲ್ಲ.

ಮಾಂಟ್ರಿಯಲ್‌ನ ಮಂಗಳೂರಿನವಳು: ಅಕ್ಕ, ನಿಮ್ಮದು ಕೆಟ್ಟಿಲ್ಲ. ಹುಳಿ ಬಿದ್ದರೆ ತಾಹಿನಿ ಬಿಗಿಯುತ್ತದೆ. ತಣ್ಣೀರನ್ನು ಸ್ವಲ್ಪಸ್ವಲ್ಪವೇ ಹಾಕುತ್ತಾ ಕದಡಿ, ಮತ್ತೆ ಸಡಿಲವಾಗುತ್ತದೆ. ಮಜ್ಜಿಗೆಯಷ್ಟು ತೆಳುವಾಗಲಿ. ಅರ್ಧ ಬಟ್ಟಲು ತಾಹಿನಿಗೆ ಎರಡು ನಿಂಬೆ. ಬೆಳ್ಳುಳ್ಳಿ, ಕೊತ್ತಂಬರಿ ಬೀಜದ ಪುಡಿ, ಒಂದು ದೊಡ್ಡ ಕಟ್ಟು ಕೊತ್ತಂಬರಿ ಸೊಪ್ಪು, ಮೆಣಸಿನ ಪುಡಿ ಇಷ್ಟನ್ನೂ ಆಲಿವ್ ಎಣ್ಣೆಯಲ್ಲಿ ಬಾಡಿಸಿ ಅದಕ್ಕೆ ಸೇರಿಸಿ. ಸಣ್ಣ ಉರಿಯಲ್ಲಿ ಕೈಯಾಡಿಸುತ್ತಿರಿ. ಅಂಚಿನಲ್ಲಿ ಎಣ್ಣೆ ತೇಲಿದರೆ ಬೆಂದಿತೆಂದೇ ಅರ್ಥ, ಅದು ದೋಷವಲ್ಲ. ಒಂದು ಕಿಲೋ ಹಮೂರ್ ಮೀನಾದರೆ 200 ಡಿಗ್ರಿ ಓವನ್‌ನಲ್ಲಿ ಅರ್ಧ ಗಂಟೆ. ಮೇಲೆ ಈ ತಾಹಿನಿ ರಸ, ಹುರಿದ ಅಕ್ರೋಟು. ಅಂದ ಹಾಗೆ, ಆ ಗೆಳೆಯನ ಮನೆಯವರು ಯಾವ ಊರಿನವರು? ತಾಹಿನಿಯದು ತ್ರಿಪೋಲಿಯ ಬಗೆ, ಲಿಬಿಯಾದ್ದಲ್ಲ, ಉತ್ತರ ಲೆಬನಾನಿನ ಬಂದರು. ಬೈರೂತಿನ ಕಡೆ ಟೊಮೆಟೊ ಹಾಕುವವರೂ ಇದ್ದಾರೆ.

ಬೈಂದೂರಿನವ, ಅಬುಧಾಬಿ: ಮೀನಿಗೆ ಎಳ್ಳೇ! ಇದು ಅಡುಗೆಯಲ್ಲ, ನಮ್ಮ ಅಡುಗೆಗೆ ಎಳ್ಳುನೀರು ಬಿಡುವ ಕೆಲಸ. ಇಂದು ಮೀನು, ನಾಳೆ ಭಾಷೆ. ಮಕ್ಕಳು ಕೇಳಿದ್ದನ್ನೆಲ್ಲ ಬಡಿಸುವ ತಂದೆತಾಯಿಯರೇ ಇದಕ್ಕೆ ಕಾರಣ. ಇಲ್ಲಿನ ಮಾರುಕಟ್ಟೆಯಲ್ಲಿ ಅಂಜಲ್‌ಗೆ ‘ಕನದ್’ ಎನ್ನುತ್ತಾರೆ. ಮೀನಿನ ಹೆಸರಿನಲ್ಲಿರುವಷ್ಟು ಕನ್ನಡವೂ ನಮ್ಮ ಮಕ್ಕಳ ಬಾಯಲ್ಲಿಲ್ಲ!

ಕುವೈತಿನ ಅಕ್ಕ: ಅಣ್ಣ, ನಿಮ್ಮ ಮಕ್ಕಳು ಕನ್ನಡ ಓದುತ್ತಾರೆಯೇ?

ಬೈಂದೂರಿನವ, ಅಬುಧಾಬಿ: ಪ್ರಶ್ನೆ ಅದಲ್ಲ.

ಕುವೈತಿನ ಅಕ್ಕ: ಅದೇ ಪ್ರಶ್ನೆ. ನಾನು ಪ್ರತಿ ಶನಿವಾರ ಹನ್ನೆರಡು ಮಕ್ಕಳಿಗೆ ಕಾಗುಣಿತ ಕಲಿಸುತ್ತೇನೆ. ಉಪದೇಶ ಮಾಡುವವರ ಮನೆಯಿಂದ ಒಂದು ಮಗುವೂ ಬರುವುದಿಲ್ಲ.

ಮಸ್ಕತ್ತಿನ ಸಸ್ಯಾಹಾರಿ: ನಾವು ಮೀನು ಮುಟ್ಟುವವರಲ್ಲ. ಆದರೂ ಹೇಳುತ್ತೇನೆ, ಹುರಿದ ಹೂಕೋಸಿಗೆ ಇದೇ ತಾಹಿನಿ ರಸ ಚೆನ್ನಾಗಿರುತ್ತದೆ. ಲೆಬನಾನಿನವರೇ ಹಾಗೆ ತಿನ್ನುತ್ತಾರೆ.

ಬೈಂದೂರಿನವ, ಅಬುಧಾಬಿ: ಹೂಕೋಸಿನ ಮಾತು ಯಾರು ಕೇಳಿದರು? ಎರಡು ದಿನ ಹಸಿದಿರಲಿ, ಬಂಗುಡೆ ತಾನಾಗಿ ರುಚಿಸುತ್ತದೆ. ನಮ್ಮನ್ನು ಬೆಳೆಸಿದ್ದು ಹಾಗೆಯೇ.

ದೇರಾ ಹಳಬ: ಹಸಿದಿರಲಿ ಎಂದು ಮಾತ್ರ ಹೇಳಬೇಡಿ. ನಾನು ಹೇಳಿದ್ದೆ, ಒಮ್ಮೆ.

ಕುವೈತಿನ ಅಕ್ಕ: ಖಾರಕ್ಕೆ ಬ್ಯಾಡಗಿ ಹಾಕಿ, ಬಣ್ಣವೂ ಬರುತ್ತದೆ. ನಾನು ಎಲ್ಲದಕ್ಕೂ ಬ್ಯಾಡಗಿಯನ್ನೇ ಹಾಕುವುದು.

ಶಾರ್ಜಾದ ತಾಯಿ: ಮಾಂಟ್ರಿಯಲ್ ತಂಗಿ, ನಿನ್ನ ಮಾತು ಈ ಜಗಳದ ನಡುವೆ ಈಗ ಕಣ್ಣಿಗೆ ಬಿತ್ತು. ತಣ್ಣೀರು ಹಾಕಿದೆ, ಹದವಾಗಿ ಬಂತು. ಮಗನ ಮುಂದಿಟ್ಟೆ. ಒಂದು ತುತ್ತು ತಿಂದು, ‘ಅಮ್ಮಾ, ಅವರ ಮನೆಯದು ಕೆಂಪಗಿತ್ತು’ ಎಂದ. ಟೊಮೆಟೊ ಎಷ್ಟು ಹಾಕಬೇಕು?